ಹರಿಶ್ಚಂದ್ರನ ಕಥೆ ಇಂಗ್ಲಿಷಿನಲ್ಲಿ: ‘ಹೂ’, ‘ವಿಚ್’, ‘ಹೂಝ್’ ಎಲ್ಲಿ ಕೂರಬೇಕು?

ಕಿರುಚಿತ್ರ ಮಾಡಿದ ಹುಡುಗ ಹುಡುಗಿಯರು ಆಗಾಗ ಸಿನಾಪ್ಸಿಸ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಚಿತ್ರೋತ್ಸವಕ್ಕೆ ಕಳಿಸಬೇಕು, ಇಡೀ ಕಥೆಯನ್ನು ಇಂಗ್ಲಿಷಿನಲ್ಲಿ ನೂರೋ ನೂರೈವತ್ತೋ ಪದಗಳಲ್ಲಿ ಹೇಳಿ ಮುಗಿಸಬೇಕು. ಅವರಿಗೆ ಪದಗಳ ಬರ ಇಲ್ಲ. ಸ್ಪೆಲ್ಲಿಂಗ್ ನೋಡಿಕೊಳ್ಳಲು ಕಂಪ್ಯೂಟರ್ ಇದೆ. ಆದರೂ ಓದುತ್ತಾ ಹೋದಂತೆ ಒಂದು ಕಡೆ ಕಾಲು ಎಡವುತ್ತದೆ. ಯಾರು ಯಾರನ್ನು ಬಿಟ್ಟು ಹೋದರು, ಯಾರ ಮಗ ಸತ್ತ ಅನ್ನುವುದೇ ತಿಳಿಯುವುದಿಲ್ಲ. ಎಡವಿದ ಜಾಗಕ್ಕೆ ವಾಪಸ್ ಹೋಗಿ ನೋಡಿದರೆ ಅಲ್ಲೊಂದು ‘ಹೂ’ ಅಥವಾ ‘ವಿಚ್’ ಕೂತಿರುತ್ತದೆ.

ಈ ತಪ್ಪುಗಳ ಬೇರು ಇರುವುದು ನಮ್ಮ ಕನ್ನಡದಲ್ಲೇ. ಇಂಗ್ಲಿಷಿನ ರಿಲೇಟಿವ್ ಕ್ಲಾಝ್, ಅಂದರೆ ನಾಮಪದಕ್ಕೆ ಅಂಟಿಕೊಂಡು ಅದರ ಬಗ್ಗೆ ಏನಾದರೂ ಹೇಳುವ ಉಪವಾಕ್ಯ, ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಪುಟ್ಟ ರೂಪ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಬಂದ ರಾಜ, ಬರುವ ರಾಜ, ಬಾರದ ರಾಜ. ಈ ಬಂದ, ಬರುವ, ಬಾರದ ಎಂಬುವಕ್ಕೆ ಶಾಲೆಯ ವ್ಯಾಕರಣದಲ್ಲಿ ಕೃದಂತ ಅಂತ ಹೆಸರು. ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದವರು ಇದನ್ನು ರಿಲೇಟಿವ್ ಪಾರ್ಟಿಸಿಪಲ್ ಎಂದು ಕರೆದರು. ಇದು ಯಾವಾಗಲೂ ನಾಮಪದಕ್ಕಿಂತ ಮೊದಲು ಬರುತ್ತದೆ. ಇದರಲ್ಲಿ ‘ಹೂ’ ಥರದ ಕೊಂಡಿ ಪದ ಇರುವುದಿಲ್ಲ. ‘ಯಾರು ಸತ್ಯ ಹೇಳುತ್ತಾರೋ ಅವರು’ ಅನ್ನುವ ಇನ್ನೊಂದು ದಾರಿಯೂ ನಮಗಿದೆ ನಿಜ, ಆದರೆ ಕಥೆ ಹೇಳುವಾಗ ಅದನ್ನು ಬಳಸುವುದು ಕಡಿಮೆ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಕಥೆಯೇ ಇರಲಿ. ಹರಿಶ್ಚಂದ್ರನ ಕಥೆ. ಅಯೋಧ್ಯೆಯ ರಾಜ, ಹೆಂಡತಿ ಚಂದ್ರಮತಿ, ಒಬ್ಬನೇ ಮಗ ಲೋಹಿತಾಶ್ವ, ರಾಜ್ಯ ಕಿತ್ತುಕೊಂಡು ಸಾಲಕ್ಕೆ ಬೆನ್ನು ಹತ್ತುವ ವಿಶ್ವಾಮಿತ್ರ, ಕಾಶಿ, ಸ್ಮಶಾನ. ಕಥೆ ಮೊದಲೇ ಗೊತ್ತಿದ್ದರೆ ಕಣ್ಣು ವಾಕ್ಯದ ಮೇಲೆ ನಿಲ್ಲುತ್ತದೆ.

ಈಗ ‘ಮಾರಿದ’ ಅನ್ನುವ ಒಂದೇ ಪದ ತೆಗೆದುಕೊಳ್ಳಿ. ಹೆಂಡತಿಯನ್ನು ಮಾರಿದ ರಾಜ. ರಾಜ ಮಾರಿದ ಹೆಂಡತಿ. ರಾಜ ಹೆಂಡತಿಯನ್ನು ಮಾರಿದ ಊರು. ಮಾರಿದ ದಿನ. ಮಾರಿದ ಕಾರಣ. ಐದೂ ಕಡೆ ‘ಮಾರಿದ’ ಒಂದಿಷ್ಟೂ ಬದಲಾಗಲಿಲ್ಲ. ಮಾರಿದವನು ಯಾರು, ಮಾರಾಟವಾದವರು ಯಾರು, ಎಲ್ಲಿ, ಯಾವಾಗ, ಏಕೆ ಎಂಬುದನ್ನು ನಾವು ಅರ್ಥದಿಂದಲೇ ಹಿಡಿಯುತ್ತೇವೆ. ಕನ್ನಡದ ಈ ಸಲೀಸು ನನಗೆ ಬಹಳ ಇಷ್ಟ. ಆದರೆ ಇಂಗ್ಲಿಷಿನಲ್ಲಿ ಅದೇ ಐದಕ್ಕೆ ಐದು ಬೇರೆ ಬೇರೆ ಕೊಂಡಿ ಬೇಕು. ‘ದಿ ಕಿಂಗ್ ಹೂ ಸೆಲ್ಸ್ ಹಿಸ್ ವೈಫ್’. ‘ದಿ ವೈಫ್ ಹೂಮ್ ಹಿ ಸೆಲ್ಸ್’. ‘ದಿ ಸಿಟಿ ವೇರ್ ಹಿ ಸೆಲ್ಸ್ ಹರ್’. ‘ದಿ ಡೇ ವೆನ್ ಹಿ ಸೆಲ್ಸ್ ಹರ್’. ‘ದಿ ರೀಸನ್ ವೈ ಹಿ ಸೆಲ್ಸ್ ಹರ್’. ನಾವು ಓದುಗನ ಊಹೆಗೆ ಬಿಟ್ಟಿದ್ದನ್ನು ಇಂಗ್ಲಿಷ್ ಬಾಯಿ ಬಿಟ್ಟು ಹೇಳಿಸುತ್ತದೆ.

ಯಾವ ಕೊಂಡಿ ಎಂದು ಗೊಂದಲ ಆದರೆ ಒಂದು ಸುಲಭ ದಾರಿ ಇದೆ. ವಾಕ್ಯವನ್ನು ಎರಡಾಗಿ ಒಡೆಯಿರಿ. ‘ಚಂದ್ರಮತಿ ವರ್ಕ್ಸ್ ಫಾರ್ ಎ ಬ್ರಾಹ್ಮಿನ್. ಹಿ ಟ್ರೀಟ್ಸ್ ಹರ್ ಕ್ರುಯೆಲ್ಲಿ.’ ಎರಡನೆಯ ವಾಕ್ಯದಲ್ಲಿ ಬ್ರಾಹ್ಮಣನ ಬದಲು ಬಂದ ಪದ ಯಾವುದು? ‘ಹಿ’. ಆ ‘ಹಿ’ ಎದ್ದು ಹೋಗಿ ಅದರ ಜಾಗದಲ್ಲಿ ‘ಹೂ’ ಕೂರುತ್ತದೆ: ‘ಎ ಬ್ರಾಹ್ಮಿನ್ ಹೂ ಟ್ರೀಟ್ಸ್ ಹರ್ ಕ್ರುಯೆಲ್ಲಿ’. ಎದ್ದು ಹೋಗುವ ಪದ ‘ಹಿಮ್’ ಆಗಿದ್ದರೆ ‘ಹೂಮ್’. ‘ಹಿಸ್’, ‘ಹರ್’, ‘ದೇರ್’ ಥರ ಯಾರದು ಅಂತ ಹೇಳುವ ಪದ ಆಗಿದ್ದರೆ ‘ಹೂಝ್’. ‘ಇಟ್’ ಆಗಿದ್ದರೆ ‘ವಿಚ್’ ಅಥವಾ ‘ದಟ್’. ‘ಅಲ್ಲಿ’ ಎಂಬ ಅರ್ಥದ ಪದ ಆಗಿದ್ದರೆ ‘ವೇರ್’.

ಇದರಲ್ಲಿ ಮುಖ್ಯವಾದ ಮಾತು ‘ಎದ್ದು ಹೋಗುತ್ತದೆ’ ಅನ್ನುವುದು. ಒಂದು ಕುರ್ಚಿಯಲ್ಲಿ ಇಬ್ಬರು ಕೂರುವ ಹಾಗಿಲ್ಲ. ‘ದಿ ವೈಫ್ ಹೂಮ್ ಹಿ ಸೆಲ್ಸ್ ಹರ್’ ಎಂದು ಬರೆದವರು ‘ಹೂಮ್’ ಕೂರಿಸಿ ‘ಹರ್’ ಎಬ್ಬಿಸುವುದನ್ನು ಮರೆತಿದ್ದಾರೆ. ‘ದಿ ಸಿಟಿ ವೇರ್ ಹಿ ಸೆಲ್ಸ್ ಹರ್ ದೇರ್’ ಅಂದಾಗಲೂ ಅದೇ ಕಥೆ. ಬರೆದಾದ ಮೇಲೆ ಉಪವಾಕ್ಯದ ಒಳಗೆ ಇಣುಕಿ, ಎದ್ದು ಹೋಗಬೇಕಾದವರು ಇನ್ನೂ ಅಲ್ಲೇ ಇದ್ದಾರಾ ಅಂತ ನೋಡಿಬಿಡಿ.

‘ಹೂಝ್’ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಥೆಯ ಸಾರಾಂಶದಲ್ಲಿ ಇದರ ಕೆಲಸ ಜಾಸ್ತಿ, ಮತ್ತೆ ನಾವು ಜಾಸ್ತಿ ತಪ್ಪುವುದೂ ಇಲ್ಲೇ. ಕನ್ನಡದಲ್ಲಿ ‘ಗಂಡ ಸತ್ತ ಹೆಂಗಸು’, ‘ಕಾಲು ಮುರಿದ ಕುರ್ಚಿ’, ‘ಮಗ ಸತ್ತ ತಾಯಿ’ ಅನ್ನುತ್ತೇವೆ. ಮೂರೇ ಪದ. ‘ಮಗ ಸತ್ತ ತಾಯಿ’ಯಲ್ಲಿ ಸತ್ತವನು ಮಗ, ಮಾತು ತಾಯಿಯದು. ಮಗ ಯಾರ ಮಗ ಅಂತ ಯಾರೂ ಹೇಳಲಿಲ್ಲ, ಯಾರಿಗೂ ಅನುಮಾನವೂ ಬರಲಿಲ್ಲ. ಇದನ್ನೇ ಇಂಗ್ಲಿಷಿಗೆ ಎಳೆದು ತರುವಾಗ ‘ದಿ ಮದರ್ ಹೂ ಹರ್ ಸನ್ ಡೈಡ್’ ಅಥವಾ ‘ದಿ ಮದರ್ ಹೂ ಸನ್ ಡೈಡ್’ ಅಂತ ಆಗುತ್ತದೆ. ಎರಡಾಗಿ ಒಡೆದು ನೋಡಿ. ‘ದಿಸ್ ಈಸ್ ದಿ ಮದರ್. ಹರ್ ಸನ್ ಹ್ಯಾಸ್ ಡೈಡ್.’ ಇಲ್ಲಿ ‘ಹರ್’ ಎದ್ದು ಹೋಗಬೇಕು, ‘ಹೂಝ್’ ಬರಬೇಕು, ‘ಸನ್’ ಅದರ ಬೆನ್ನಿಗೇ ಬರಬೇಕು: ‘ದಿ ಮದರ್ ಹೂಝ್ ಸನ್ ಹ್ಯಾಸ್ ಡೈಡ್’. ಕುರ್ಚಿಯಂಥ ವಸ್ತುವಿಗೂ ಇದೇ ‘ಹೂಝ್’ ನಡೆಯುತ್ತದೆ. ‘ಎ ಕಿಂಗ್‌ಡಮ್ ಹೂಝ್ ರೂಲರ್ ನೆವರ್ ಲೈಸ್’ ಸರಿಯಾದ ಇಂಗ್ಲಿಷೇ.

ಇದು ಕಷ್ಟ ಅನಿಸಿದರೆ ಬೇಸರ ಪಡಬೇಡಿ. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಸುಮಾರು 50 ಭಾಷೆಗಳನ್ನು ಹೋಲಿಸಿ, ಇಂಥ ಉಪವಾಕ್ಯ ಯಾವ ಯಾವ ಸಂಬಂಧದವರೆಗೆ ಹೋಗುತ್ತದೆ ಎಂಬುದರ ಒಂದು ಮೆಟ್ಟಿಲ ಸಾಲನ್ನು ತೋರಿಸಿದರು. ಮೊದಲ ಮೆಟ್ಟಿಲಲ್ಲಿ ಕರ್ತೃ, ‘ಮಾರಿದ ರಾಜ’ ಇದ್ದಂತೆ. ಆಮೇಲೆ ಕರ್ಮ, ‘ಮಾರಿದ ಹೆಂಡತಿ’ ಇದ್ದಂತೆ. ಆಮೇಲೆ ‘ಯಾರಿಗೆ’, ‘ಎಲ್ಲಿ’, ‘ಯಾವುದರಿಂದ’ ಮುಂತಾದವು. ಯಾರದು ಅಂತ ಹೇಳುವ ಸಂಬಂಧ ಇರುವುದು ಕೊನೆಗೆ ಹತ್ತಿರದ ಮೆಟ್ಟಿಲಲ್ಲಿ. ಕೆಳಗಿನ ಮೆಟ್ಟಿಲುಗಳಿಗೆ ಎಷ್ಟೋ ಭಾಷೆಗಳ ಉಪವಾಕ್ಯ ಇಳಿಯುವುದೇ ಇಲ್ಲ. ಇಂಗ್ಲಿಷ್ ಇಳಿಯುತ್ತದೆ, ಆದರೆ ಪ್ರತಿ ಮೆಟ್ಟಿಲಿಗೂ ಬೇರೆ ಗುರುತು ಕೇಳುತ್ತದೆ.

ಅದೇ ಸಾಲಿನಲ್ಲಿ ಬರುವ ಇನ್ನೊಂದು ತಪ್ಪನ್ನು ಬೇಗ ಹೇಳಿಬಿಡುತ್ತೇನೆ. ‘ಹರಿಶ್ಚಂದ್ರ ಕೆಲಸ ಮಾಡುವ ಯಜಮಾನ’ ಎಂದು ಕನ್ನಡದಲ್ಲಿ ಯೋಚಿಸಿ ‘ದಿ ಮಾಸ್ಟರ್ ಹೂಮ್ ಹಿ ವರ್ಕ್ಸ್’ ಎಂದು ಬರೆದರೆ ‘ಫಾರ್’ ದಾರಿಯಲ್ಲೇ ಬಿದ್ದುಹೋಗಿದೆ. ‘ಹಿ ವರ್ಕ್ಸ್ ಫಾರ್ ಹಿಮ್’ ಅಲ್ವಾ? ‘ಹಿಮ್’ ಎದ್ದು ಹೋದರೂ ‘ಫಾರ್’ ಇರಲೇಬೇಕು. ‘ದಿ ಮಾಸ್ಟರ್ ಹಿ ವರ್ಕ್ಸ್ ಫಾರ್’ ಎಂದರೆ ಸಹಜವಾಗಿದೆ. ‘ದಿ ಮಾಸ್ಟರ್ ಫಾರ್ ಹೂಮ್ ಹಿ ವರ್ಕ್ಸ್’ ಎಂದರೆ ಸ್ವಲ್ಪ ಬಿಗಿಯಾಗಿದೆ. ಎರಡೂ ಸರಿ. ಸಿನಾಪ್ಸಿಸ್‌ಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಇನ್ನು ಅಲ್ಪವಿರಾಮ. ಒಂದು ಚುಕ್ಕಿಗೆ ಬಾಲ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಅನಿಸಬಹುದು. ಸಾರಾಂಶದಲ್ಲಿ ಅದು ಒಂದು ಮನೆಯ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ‘ಹಿಸ್ ಸನ್ ಹೂ ಈಸ್ ಬಿಟನ್ ಬೈ ಎ ಸ್ನೇಕ್ ಡೈಸ್’ ಎಂದು ಅಲ್ಪವಿರಾಮ ಇಲ್ಲದೆ ಬರೆದಿದ್ದೀರಿ ಅಂದುಕೊಳ್ಳಿ. ಇಂಗ್ಲಿಷ್ ಓದುಗನಿಗೆ ಏನು ತಿಳಿಯುತ್ತದೆ ಗೊತ್ತಾ? ಹರಿಶ್ಚಂದ್ರನಿಗೆ ಹಲವು ಗಂಡುಮಕ್ಕಳು, ಅವರಲ್ಲಿ ಹಾವು ಕಚ್ಚಿದವನು ಸಾಯುತ್ತಾನೆ, ಉಳಿದವರು ಮನೆಯಲ್ಲಿ ಚೆನ್ನಾಗಿದ್ದಾರೆ. ಇರುವ ಒಬ್ಬನೇ ಮಗನನ್ನು ಕಳೆದುಕೊಂಡ ಸಂಕಟವೇ ಹೊರಟುಹೋಯಿತು. ‘ಹಿಸ್ ಸನ್, ಹೂ ಈಸ್ ಬಿಟನ್ ಬೈ ಎ ಸ್ನೇಕ್, ಡೈಸ್’ ಎಂದು ಎರಡೂ ಕಡೆ ಅಲ್ಪವಿರಾಮ ಹಾಕಿದರೆ ಮಗ ಒಬ್ಬನೇ ಆಗುತ್ತಾನೆ.

ಎದುರಿಗೆ ದಶರಥನನ್ನು ನಿಲ್ಲಿಸಿ ನೋಡಿ. ಅವನಿಗೆ ಮೂವರು ರಾಣಿಯರು. ‘ದಿ ವೈಫ್ ಹೂ ಆಸ್ಕ್ಸ್ ಫಾರ್ ಟೂ ಬೂನ್ಸ್ ಈಸ್ ಕೈಕೇಯಿ’. ಇಲ್ಲಿ ಅಲ್ಪವಿರಾಮ ಹಾಕಬಾರದು. ಯಾವ ಹೆಂಡತಿ ಎಂಬ ಪ್ರಶ್ನೆಗೆ ಉಪವಾಕ್ಯವೇ ಉತ್ತರ. ಅದನ್ನು ಕಿತ್ತುಹಾಕಿದರೆ ಮೂವರಲ್ಲಿ ಯಾರು ಅಂತ ತಿಳಿಯುವುದಿಲ್ಲ. ಚಂದ್ರಮತಿ ಬಗ್ಗೆ ಬರೆಯುವಾಗ ‘ಯಾವ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಉಪವಾಕ್ಯ ತೆಗೆದರೂ ಅವಳು ಅವಳೇ.

ಕನ್ನಡದಲ್ಲಿ ಈ ಭೇದ ಬರವಣಿಗೆಯಲ್ಲಿ ಕಾಣುವುದಿಲ್ಲ. ‘ಸುಳ್ಳು ಹೇಳದ ರಾಜ’ ಎಂದರೂ ‘ಸುಳ್ಳು ಹೇಳದ ಹರಿಶ್ಚಂದ್ರ’ ಎಂದರೂ ರೂಪ ಒಂದೇ. ಮೊದಲನೆಯದು ಎಷ್ಟೋ ರಾಜರಲ್ಲಿ ಒಬ್ಬನನ್ನು ಆರಿಸುತ್ತದೆ, ಎರಡನೆಯದು ಗೊತ್ತಿರುವವನ ಬಗ್ಗೆ ಒಂದು ಮಾತು ಸೇರಿಸುತ್ತದೆ. ಹಾಗಾಗಿ ನಮ್ಮ ಕಿವಿಗೆ ಅಲ್ಪವಿರಾಮ ಕೇಳಿಸುವುದಿಲ್ಲ. ನಾನು ಹುಡುಗರಿಗೆ ಹೇಳಿಕೊಡುವ ಪರೀಕ್ಷೆ ಇದು. ಉಪವಾಕ್ಯದ ಮುಂದೆ ಮನಸ್ಸಿನಲ್ಲೇ ‘ಅಂದಹಾಗೆ’ ಸೇರಿಸಿ ನೋಡಿ. ‘ಹರಿಶ್ಚಂದ್ರ, ಅಂದಹಾಗೆ ಇವನು ಸುಳ್ಳೇ ಹೇಳದವನು, ರಾಜ್ಯ ಬಿಟ್ಟು ಹೊರಡುತ್ತಾನೆ.’ ಸರಿಹೋಯಿತು, ಅಲ್ಪವಿರಾಮ ಹಾಕಿ. ‘ಹೆಂಡತಿ, ಅಂದಹಾಗೆ ಇವಳು ಎರಡು ವರ ಕೇಳಿದವಳು, ಕೈಕೇಯಿ.’ ಸರಿಹೋಗಲಿಲ್ಲ, ಹಾಕಬೇಡಿ. ವ್ಯಕ್ತಿಯ ಹೆಸರು, ಊರಿನ ಹೆಸರು, ಇರುವ ಒಬ್ಬನೇ ಮಗ, ಒಬ್ಬಳೇ ಹೆಂಡತಿ, ಇವುಗಳ ನಂತರ ಬಹುತೇಕ ಯಾವಾಗಲೂ ಅಲ್ಪವಿರಾಮ ಬೇಕು. ಹಾಕಿದರೆ ಎರಡು ಹಾಕಿ. ಬಾಗಿಲು ತೆರೆದವರು ಮುಚ್ಚಲೂ ಬೇಕು. ಉಪವಾಕ್ಯ ವಾಕ್ಯದ ಕೊನೆಗೆ ಬಂದರೆ ಮಾತ್ರ ಪೂರ್ಣವಿರಾಮವೇ ಬಾಗಿಲು ಮುಚ್ಚುತ್ತದೆ.

‘ದಟ್’ ಮತ್ತು ‘ವಿಚ್’ ಜಗಳವೂ ಇಲ್ಲೇ ಬರುತ್ತದೆ. ಅಲ್ಪವಿರಾಮ ಇಲ್ಲದ ಉಪವಾಕ್ಯಕ್ಕೆ ‘ದಟ್’, ಅಲ್ಪವಿರಾಮ ಇರುವುದಕ್ಕೆ ‘ವಿಚ್’ ಎಂದು ಹಂಚಿಕೊಟ್ಟರೆ ಚೆನ್ನ ಎಂದು ಇಂಗ್ಲೆಂಡಿನ ಹೆನ್ರಿ ಫೌಲರ್ 1926ರಲ್ಲಿ ಸಲಹೆ ಕೊಟ್ಟ. ಒಳ್ಳೆಯ ಬರಹಗಾರರೆಲ್ಲ ಹಾಗೇ ಬರೆಯುತ್ತಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ಅಮೆರಿಕದ ಸಂಪಾದಕರು ಈ ಸಲಹೆಯನ್ನು ಹೆಚ್ಚು ಪಾಲಿಸುತ್ತಾರೆ, ಬ್ರಿಟನ್ನಿನವರು ಅಷ್ಟಾಗಿ ಇಲ್ಲ. ನಿಮಗೆ ಬೇಕಾದದ್ದು ಇಷ್ಟೇ: ‘ಎ ಡೆಟ್ ದಟ್ ಹಿ ಕ್ಯಾನಾಟ್ ರಿಪೇ’ ಎಂದರೂ ಸರಿ, ‘ಎ ಡೆಟ್ ವಿಚ್ ಹಿ ಕ್ಯಾನಾಟ್ ರಿಪೇ’ ಎಂದರೂ ಸರಿ. ಆದರೆ ಅಲ್ಪವಿರಾಮದ ನಂತರ ‘ದಟ್’ ಬೇಡ. ‘ಕಾಶಿ, ದಟ್ ಲೈಸ್ ಆನ್ ದಿ ಗಂಗಾ’ ಎಂದು ಬರೆದರೆ ಯಾವ ಕಡೆಯವರೂ ಒಪ್ಪುವುದಿಲ್ಲ. ಅಲ್ಲಿ ‘ವಿಚ್’ ಇರಲಿ.

ಉಪವಾಕ್ಯಕ್ಕೆ ಇನ್ನೊಂದು ಗುಣ ಇದೆ. ಅದು ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಅಂಟಿಕೊಳ್ಳುತ್ತದೆ. ‘ದಿ ವೈಫ್ ಆಫ್ ದಿ ಕಿಂಗ್ ಹೂ ಈಸ್ ಸೋಲ್ಡ್ ಇನ್ ಕಾಶಿ’. ಕಾಶಿಯಲ್ಲಿ ಮಾರಾಟವಾದದ್ದು ಯಾರು? ಈ ಕಥೆಯಲ್ಲಂತೂ ಇಬ್ಬರೂ ಮಾರಾಟವಾದವರು, ಹಾಗಾಗಿ ಓದುಗನಿಗೆ ಅರ್ಥದ ಆಸರೆಯೂ ಸಿಗುವುದಿಲ್ಲ. ನೀವು ಹೇಳಬೇಕಾದದ್ದು ಹೆಂಡತಿಯ ಬಗ್ಗೆ ಆದರೆ ಅವಳನ್ನೇ ಪಕ್ಕಕ್ಕೆ ಕರೆತನ್ನಿ: ‘ದಿ ಕಿಂಗ್ಸ್ ವೈಫ್, ಹೂ ಈಸ್ ಸೋಲ್ಡ್ ಇನ್ ಕಾಶಿ’. ಹಾಗೇ ‘ಹಿ ಆಸ್ಕ್ಸ್ ಹರ್ ಫಾರ್ ಎ ಫೀ, ವಿಚ್ ಬ್ರೇಕ್ಸ್ ಹರ್ ಹಾರ್ಟ್’ ಅಂದಾಗ ‘ವಿಚ್’ ಇಡೀ ಸಂಗತಿಗೆ ಅಂಟಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ. ಪಕ್ಕದಲ್ಲಿರುವುದು ಮಾತ್ರ ‘ಫೀ’. ಅನುಮಾನ ಬರುವಂತಿದ್ದರೆ ಎರಡು ವಾಕ್ಯ ಮಾಡಿಬಿಡಿ.

ಈವರೆಗಿನದು ವ್ಯಾಕರಣ. ವ್ಯಾಕರಣ ಎಲ್ಲ ಸರಿಯಿದ್ದೂ ಸಾರಾಂಶ ಸತ್ತಂತಿರಬಹುದು. ನಾನು ಹೆಚ್ಚು ಹೊತ್ತು ಕೂತು ತಿದ್ದುವುದು ಇದನ್ನೇ.

ಕನ್ನಡದಲ್ಲಿ ಕಥೆ ಹೇಳುವಾಗ ನಾವು ಸರಪಳಿ ಕಟ್ಟುತ್ತೇವೆ. ‘ರಾಜ್ಯ ಕೊಟ್ಟು, ಕಾಶಿಗೆ ಹೋಗಿ, ಹೆಂಡತಿ ಮಗನನ್ನು ಮಾರಿ, ತಾನೂ ಮಾರಿಕೊಂಡು, ಸ್ಮಶಾನ ಕಾಯುತ್ತಾನೆ.’ ಒಂದೇ ಉಸಿರು, ಕೊನೆಯಲ್ಲಿ ಒಂದೇ ಪೂರ್ಣ ಕ್ರಿಯಾಪದ. ಕೊಟ್ಟು, ಹೋಗಿ, ಮಾರಿ, ಎಲ್ಲವೂ ನಡೆಯುತ್ತಲೇ ಇವೆ, ಕಥೆ ಓಡುತ್ತಲೇ ಇದೆ. ಇಂಗ್ಲಿಷಿಗೆ ಬಂದಾಗ ಈ ಸರಪಳಿಗೆ ಕೊಂಡಿ ಹುಡುಕುತ್ತಾ ‘ಹೂ’ ಮೇಲೆ ‘ಹೂ’ ಪೋಣಿಸುತ್ತೇವೆ: ‘ಹರಿಶ್ಚಂದ್ರ, ಹೂ ಗಿವ್ಸ್ ಹಿಸ್ ಕಿಂಗ್‌ಡಮ್ ಟು ವಿಶ್ವಾಮಿತ್ರ, ಹೂ ಡಿಮ್ಯಾಂಡ್ಸ್ ಎ ಡೆಟ್, ವಿಚ್ ಹಿ ರಿಪೇಸ್ ಬೈ ಸೆಲ್ಲಿಂಗ್ ಚಂದ್ರಮತಿ, ಹೂಝ್ ಸನ್ ಈಸ್ ಬಿಟನ್ ಬೈ ಎ ಸ್ನೇಕ್, ವರ್ಕ್ಸ್ ಇನ್ ಎ ಬರ್ನಿಂಗ್ ಗ್ರೌಂಡ್’. ಒಂದೊಂದು ಕೊಂಡಿಯೂ ಸರಿಯಾಗಿದೆ. ಆದರೆ ಈ ವಾಕ್ಯದ ಪ್ರಕಾರ ಕಥೆಯಲ್ಲಿ ನಡೆದದ್ದು ಏನು? ಮುಖ್ಯ ಕ್ರಿಯಾಪದ ನೋಡಿ. ಹರಿಶ್ಚಂದ್ರ ಕೆಲಸ ಮಾಡುತ್ತಾನೆ, ಅಷ್ಟೇ. ರಾಜ್ಯ ಹೋಗಿದ್ದು, ಹೆಂಡತಿ ಮಾರಾಟವಾಗಿದ್ದು, ಮಗನಿಗೆ ಹಾವು ಕಚ್ಚಿದ್ದು, ಎಲ್ಲವೂ ಸುಮ್ನೆ ಪಕ್ಕದ ವಿವರ ಆಗಿಬಿಟ್ಟವು.

ಇಂಗ್ಲಿಷಿನಲ್ಲಿ ಉಪವಾಕ್ಯ ಹಿನ್ನೆಲೆಯ ಜಾಗ. ಓದುಗನಿಗೆ ಗುರುತಿಗೆ ಬೇಕಾದದ್ದು, ಮೊದಲೇ ಆಗಿಹೋದದ್ದು, ಸ್ವಭಾವ, ಸಂಬಂಧ ಅಲ್ಲಿರಬೇಕು. ಕಥೆಯನ್ನು ಮುಂದಕ್ಕೆ ತಳ್ಳುವ ಘಟನೆಗೆ ಅದರದೇ ಪೂರ್ಣ ಕ್ರಿಯಾಪದ, ಸಾಧ್ಯವಾದರೆ ಅದರದೇ ವಾಕ್ಯ ಬೇಕು. ಬರೆದಾದ ಮೇಲೆ ಒಂದು ಕೆಲಸ ಮಾಡಿ. ಪೆನ್ಸಿಲ್ ತೆಗೆದುಕೊಂಡು ಎಲ್ಲ ಉಪವಾಕ್ಯಗಳನ್ನೂ ಕಂಸದಲ್ಲಿ ಹಾಕಿ, ಉಳಿದದ್ದನ್ನಷ್ಟೇ ಓದಿ. ಕಥೆ ತಿಳಿದರೆ ಸರಿ. ಕಂಸದೊಳಗೆ ಯಾರಾದರೂ ಸತ್ತಿದ್ದರೆ, ಹುಟ್ಟಿದ್ದರೆ, ಬಿಟ್ಟು ಹೋಗಿದ್ದರೆ ಅವರನ್ನು ಹೊರಗೆ ಕರೆಯಿರಿ.

ಕಾಲದ ಸಂಗತಿಯೂ ಇದಕ್ಕೇ ಸೇರಿದ್ದು. ಸಾರಾಂಶವನ್ನು ಇಂಗ್ಲಿಷಿನಲ್ಲಿ ವರ್ತಮಾನದಲ್ಲಿ ಬರೆಯುವ ರೂಢಿ: ‘ಹಿ ಸೆಲ್ಸ್’, ‘ಶಿ ಕ್ಯಾರೀಸ್’. ಆದರೆ ಉಪವಾಕ್ಯದಲ್ಲಿ ಹೇಳುತ್ತಿರುವುದು ಆ ಕ್ಷಣಕ್ಕಿಂತ ಮೊದಲೇ ಆದದ್ದಾದರೆ ಅದನ್ನು ಹಿಂದಕ್ಕೆ ತಳ್ಳಬೇಕು. ‘ಹರಿಶ್ಚಂದ್ರ, ಹೂ ಹ್ಯಾಸ್ ಲಾಸ್ಟ್ ಹಿಸ್ ಕಿಂಗ್‌ಡಮ್, ವಾಕ್ಸ್ ಟು ಕಾಶಿ’. ರಾಜ್ಯ ಹೋಗಿ ಆಗಿದೆ, ನಡಿಗೆ ಈಗ ನಡೆಯುತ್ತಿದೆ. ಇಲ್ಲಿ ‘ಹೂ ಲೂಸಸ್’ ಎಂದರೆ ದಾರಿಯಲ್ಲಿ ನಡೆಯುತ್ತಾ ರಾಜ್ಯ ಕಳೆದುಕೊಂಡಂತೆ ಕೇಳುತ್ತದೆ. ಕನ್ನಡದಲ್ಲಿ ‘ಕಳೆದುಕೊಂಡ’ ಅನ್ನುವ ರೂಪದೊಳಗೇ ಭೂತಕಾಲ ಇದೆ, ಅದನ್ನು ಇಂಗ್ಲಿಷಿಗೆ ತರುವಾಗ ಮರೆಯಬೇಡಿ.

ಎಷ್ಟೋ ಕಡೆ ಉಪವಾಕ್ಯ ಬೇಕಾಗಿಯೇ ಇರುವುದಿಲ್ಲ. ‘ಹರಿಶ್ಚಂದ್ರ, ಹೂ ಈಸ್ ದಿ ಕಿಂಗ್ ಆಫ್ ಅಯೋಧ್ಯಾ’ ಎಂಬಲ್ಲಿ ‘ಹೂ ಈಸ್’ ತೆಗೆದುಹಾಕಿ. ‘ಹರಿಶ್ಚಂದ್ರ, ದಿ ಕಿಂಗ್ ಆಫ್ ಅಯೋಧ್ಯಾ’. ಎರಡು ಪದ ಉಳಿಯಿತು. ನೂರೈವತ್ತರ ಮಿತಿಯಲ್ಲಿ ಎರಡು ಪದ ಚಿಕ್ಕದಲ್ಲ.

ಹೀಗೆ ತಿದ್ದುತ್ತಾ ಬಂದರೆ ನಮ್ಮ ಕಥೆ ಕೊನೆಗೆ ಹೀಗೆ ನಿಲ್ಲುತ್ತದೆ. ‘ಹರಿಶ್ಚಂದ್ರ, ದಿ ಕಿಂಗ್ ಆಫ್ ಅಯೋಧ್ಯಾ, ನೆವರ್ ಲೈಸ್. ದಿ ಸೇಜ್ ವಿಶ್ವಾಮಿತ್ರ, ಹೂ ಹ್ಯಾಸ್ ವೌಡ್ ಟು ಬ್ರೇಕ್ ಹಿಮ್, ಟೇಕ್ಸ್ ಹಿಸ್ ಕಿಂಗ್‌ಡಮ್ ಅಂಡ್ ಡಿಮ್ಯಾಂಡ್ಸ್ ಎ ಡೆಟ್ ದಟ್ ಹಿ ಕ್ಯಾನಾಟ್ ರಿಪೇ. ಇನ್ ಕಾಶಿ, ಹರಿಶ್ಚಂದ್ರ ಸೆಲ್ಸ್ ಹಿಸ್ ವೈಫ್ ಚಂದ್ರಮತಿ ಅಂಡ್ ಹಿಸ್ ಓನ್ಲಿ ಸನ್ ಟು ಎ ಬ್ರಾಹ್ಮಿನ್, ಅಂಡ್ ಹಿಮ್‌ಸೆಲ್ಫ್ ಟು ದಿ ಕೀಪರ್ ಆಫ್ ದಿ ಬರ್ನಿಂಗ್ ಗ್ರೌಂಡ್. ಎ ಸ್ನೇಕ್ ಬೈಟ್ಸ್ ದಿ ಬಾಯ್, ಅಂಡ್ ಹಿ ಡೈಸ್. ದಟ್ ನೈಟ್ ಚಂದ್ರಮತಿ ಕ್ಯಾರೀಸ್ ದಿ ಬಾಡಿ ಟು ದಿ ಗ್ರೌಂಡ್ ವೇರ್ ಹರ್ ಹಸ್ಬಂಡ್ ವರ್ಕ್ಸ್. ಹಿ ಆಸ್ಕ್ಸ್ ಹರ್ ಫಾರ್ ದಿ ಫೀ.’

ಇಡೀ ಸಾರಾಂಶದಲ್ಲಿ ಉಪವಾಕ್ಯ ಮೂರೇ ಮೂರು. ವಿಶ್ವಾಮಿತ್ರನ ಪಣ ಆ ಹೊತ್ತಿಗೆ ಹಿಂದಿನ ಸಂಗತಿ, ಅದಕ್ಕೇ ‘ಹ್ಯಾಸ್ ವೌಡ್’, ಮತ್ತೆ ಎರಡೂ ಕಡೆ ಅಲ್ಪವಿರಾಮ. ಎಂಥ ಸಾಲ ಎಂದು ಹೇಳಬೇಕಿತ್ತು, ಅಲ್ಲಿ ಅಲ್ಪವಿರಾಮ ಇಲ್ಲದ ‘ದಟ್’. ಮೂರನೆಯದು ‘ವೇರ್ ಹರ್ ಹಸ್ಬಂಡ್ ವರ್ಕ್ಸ್’. ಚಂದ್ರಮತಿಗೆ ಗೊತ್ತಿಲ್ಲದ ಒಂದು ವಿಷಯ ಆ ನಾಲ್ಕು ಪದಗಳಲ್ಲಿ ಓದುಗನಿಗೆ ಮಾತ್ರ ಗೊತ್ತಾಗಿಬಿಡುತ್ತದೆ. ಕಾವಲುಗಾರ ಯಾರೆಂದು ತಿಳಿದೇ ಓದುಗ ಮುಂದಿನ ವಾಕ್ಯಕ್ಕೆ ಬರುತ್ತಾನೆ.

ಆ ಕೊನೆಯ ವಾಕ್ಯವನ್ನು ಒಬ್ಬ ಹುಡುಗಿ ಮೊದಲು ಬರೆದದ್ದು ಹೀಗಿತ್ತು: ‘ಹರಿಶ್ಚಂದ್ರ, ಹೂ ಆಸ್ಕ್ಸ್ ಹರ್ ಫಾರ್ ದಿ ಫೀ, ಡಸ್ ನಾಟ್ ರೆಕಗ್ನೈಸ್ ಹರ್’. ತಪ್ಪು ಒಂದೂ ಇರಲಿಲ್ಲ. ನಾನು ‘ಹೂ’ ಮೇಲೆ ಬೆರಳಿಟ್ಟೆ. ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಉಪವಾಕ್ಯ ಒಡೆದು, ಸುಂಕ ಕೇಳುವುದನ್ನು ಒಂಟಿ ವಾಕ್ಯ ಮಾಡಿ ಕೊನೆಗಿಟ್ಟಳು.